ನನ್ನ ಕಾಯಿದೆ, ಗಿರಿಜಕ್ಕನ ಹಂಚು

ನನಗೆ ಯಾರೂ ಮೋಸ ಮಾಡಲಾರರು ಎಂಬ ವಿಷಯದಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಮೋಸ ಹೋಗದಿರುವುದು ಹೇಗೆ ಎಂದು ಪಾಠ ಹೇಳುವುದೇ ನನ್ನ ಕಸುಬು! ಅರಸೀಕೆರೆಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ನಾನು ವಾಣಿಜ್ಯಶಾಸ್ತ್ರದ ಉಪನ್ಯಾಸಕಿ. ಗ್ರಾಹಕರ ಹಕ್ಕುಗಳ ಅಧ್ಯಾಯ ಬಂತೆಂದರೆ ನನ್ನ ದನಿ ಪಕ್ಕದ ತರಗತಿಗೂ ಕೇಳುತ್ತದೆ. ನಿಯಮ ಬಿಗಿಯಾಗಿದ್ದರೆ ಕಳ್ಳನೂ ನೆಟ್ಟಗಾಗುತ್ತಾನೆ ಎಂದು ಮೇಜು ಗುದ್ದಿ ಹೇಳುತ್ತಿದ್ದೆ. ಈ ವರ್ಷ ಆ ಅಧ್ಯಾಯವನ್ನು ಮಕ್ಕಳೇ ಮನೆಯಲ್ಲಿ ಓದಿಕೊಳ್ಳಲಿ ಎಂದು ಬಿಟ್ಟಿದ್ದೇನೆ.

ನಮ್ಮ ಮನೆಯ ಮುಂದಿನ ಎರಡು ಕೋಣೆಗಳಿಗೆ ತಾರಸಿ ಇದೆ. ಹಿಂದಿನ ಅಡುಗೆಮನೆಗೂ ಬಚ್ಚಲಿಗೂ ನಮ್ಮ ಮಾವನವರ ಕಾಲದ ಹಂಚು. ನಮ್ಮ ಯಜಮಾನರು ಶಿವಾನಂದ, ಕೊಬ್ಬರಿ ವ್ಯಾಪಾರಿ. ಪಕ್ಕದ ಮನೆ ಗಿರಿಜಕ್ಕನದು. ಗಂಡ ತೀರಿಕೊಂಡ ಮೇಲೆ ಎರಡು ಹೊಲಿಗೆ ಮೆಷಿನ್ ಇಟ್ಟುಕೊಂಡು, ಬೀದಿಯ ಹೆಂಗಸರ ರವಿಕೆಗಳನ್ನೆಲ್ಲ ಹೊಲಿದು ಸಂಸಾರ ನಡೆಸಿದವರು. ಅವರ ಮನೆ ಪೂರ್ತಿ ಹಂಚಿನದು. ಈ ಹಂಚುಗಳ ಮೇಲೆ ಊರಿನ ಕೋತಿಗಳು ಬೆಳಗ್ಗೆ ನಮ್ಮ ಕಡೆಯಿಂದ ಅವರ ಕಡೆಗೆ, ಸಂಜೆ ಅವರ ಕಡೆಯಿಂದ ನಮ್ಮ ಕಡೆಗೆ ಓಡಾಡುತ್ತಿದ್ದವು. ಮಳೆ ಬಂದರೆ ಎರಡೂ ಮನೆಯಲ್ಲಿ ಪಾತ್ರೆಗಳಿಗೆ ಕೊರತೆ. ಹಂಚು ತೆಗೆಸಿ ಗಟ್ಟಿ ಶೀಟು ಹಾಕಿಸೋಣ ಎಂದು ನಾವಿಬ್ಬರೂ ಮಾತಾಡಿಕೊಳ್ಳುತ್ತಲೇ ಇದ್ದೆವು.

ಅಷ್ಟರಲ್ಲಿ ಬೀದಿಯ ಕೊನೆಯ ಮನೆಯವರು ಯಾರನ್ನೋ ಕರೆಸಿ ಶೀಟು ಹಾಕಿಸಿದರು. ಮೊದಲ ಗಾಳಿಗೇ ಆ ಸೂರು ಎದ್ದು ಹೋಗಿ ಆಚೆಯ ತೆಂಗಿನ ತೋಟದಲ್ಲಿ ಕೂತಿತು! ಹಾಕಿದವನ ಫೋನು ಸ್ವಿಚ್ ಆಫ್. ಬೀದಿಯವರೆಲ್ಲ ಸೇರಿ ಅಯ್ಯೋ ಪಾಪ ಎಂದರು. ನಾನೊಬ್ಬಳು ಮಾತ್ರ ಎದ್ದು ನಿಂತು ಹೇಳಿದೆ:

"ಅಯ್ಯೋ ಪಾಪ ಅಂದ್ರೆ ಸಾಲದು. ಕಠಿಣ ನಿಯಮ ಬೇಕು. ಇನ್ನು ಮುಂದೆ ನಮ್ಮ ಬೀದಿಯಲ್ಲಿ ಸೂರಿನ ಕೆಲಸ ಮಾಡೋನು ನಮ್ಮ ನಿಯಮಕ್ಕೆ ಒಪ್ಪಿ ಸಹಿ ಹಾಕಿದ ಮೇಲೇ ಏಣಿ ಹತ್ತಬೇಕು!"

ಎಲ್ಲರೂ ಚಪ್ಪಾಳೆ ತಟ್ಟಿದರು. ಬೀದಿಯ ಹಿತರಕ್ಷಣಾ ಸಂಘ ಅಲ್ಲೇ ಹುಟ್ಟಿತು. ಕಾರ್ಯದರ್ಶಿ ನಾನೇ. ಒಂದು ರಬ್ಬರ್ ಸೀಲು ಕೂಡ ಮಾಡಿಸಿದೆ.

ನಿಯಮಾವಳಿ ಬರೆಯಲು ಕೂತಾಗ ನನ್ನ ಕೈ ನಿಲ್ಲಲೇ ಇಲ್ಲ. ಗುತ್ತಿಗೆದಾರನು ಇಬ್ಬರು ಮರ್ಯಾದಸ್ಥರ ಜಾಮೀನು ಒದಗಿಸತಕ್ಕದ್ದು. ಹಳೆಯ ಸೂರನ್ನು ಸಂಪೂರ್ಣ ಇಳಿಸಿ ಕೆಲಸದ ಆಸಕ್ತಿಯನ್ನು ರುಜುವಾತುಪಡಿಸಿದ ಮೇಲಷ್ಟೇ ಮುಂಗಡ ಪಡೆಯತಕ್ಕದ್ದು. ಇಳಿಸಿದ ಸಮಸ್ತ ಅವಶೇಷಗಳನ್ನು ತನ್ನ ಸ್ವಂತ ಖರ್ಚಿನಲ್ಲಿ ಅದೇ ದಿನ ಸಾಗಿಸತಕ್ಕದ್ದು. ಗಾಳಿ, ಮೋಡ, ಗುಡುಗು ಇರುವಾಗ ಸುರಕ್ಷತೆಯ ದೃಷ್ಟಿಯಿಂದ ಕೆಲಸ ಮಾಡತಕ್ಕದ್ದಲ್ಲ.

ಯಜಮಾನರು ಕನ್ನಡಕ ಏರಿಸಿಕೊಂಡು ಓದಿದರು.

"ಇಷ್ಟೊಂದು ತಕ್ಕದ್ದು ಯಾಕೆ ಕಣೇ?"

"ಕಾಯಿದೆ ಅಂದ್ಮೇಲೆ ತಕ್ಕದ್ದು ಇರಲೇಬೇಕು ರೀ."

"ಸೂರು ಸೋರಬಾರದು ಅಂತ ಎಲ್ಲಿ ಬರ್ದಿದೀಯ?"

ಅದನ್ನು ಮರೆತಿದ್ದೆ. ಅಂಚಿನಲ್ಲಿ ಸಣ್ಣದಾಗಿ ಸೇರಿಸಿದೆ.

ಮೊದಲ ಪ್ರಯೋಗ ನಮ್ಮ ಮನೆಯ ಮೇಲೇ ಆಗಲಿ ಎಂದು ನಾನೇ ಮುಂದಾದೆ. ಗಂಡಸಿ ಊರಿನ ಕಡೆಯ ಕಲ್ಲೇಶಣ್ಣ ಎಂಬ ಮೇಸ್ತ್ರಿಯನ್ನು ಯಾರೋ ಹೇಳಿ ಕಳಿಸಿದರು. ಮುಂಗೋಪಿ, ಆದರೆ ಕೆಲಸಗಾರ ಎಂದಿದ್ದರು. ಆತ ಅಡುಗೆಮನೆಯಲ್ಲಿ ನಿಂತು ಮೇಲೆ ನೋಡಿ, ಗೋಡೆ ತಟ್ಟಿ, "ಸರಿ, ಮಾಡ್ಕೊಡನ" ಎಂದ. ನಾನು ನಿಯಮಾವಳಿಯನ್ನು ಕೈಗಿಟ್ಟೆ. ಆತ ಅದನ್ನು ಹಿಂದೆ ಮುಂದೆ ತಿರುಗಿಸಿದ.

"ಏನವ್ವಾ ಇದು?"

"ನಿಮ್ಮ ಜವಾಬ್ದಾರಿಗಳು. ಪ್ರತಿ ಪುಟಕ್ಕೂ ಸಹಿ ಹಾಕ್ಬೇಕು. ಇಬ್ಬರನ್ನ ಜಾಮೀನಿಗೆ ಕರ್ಕೊಂಡ್ ಬರ್ಬೇಕು."

"ಜಾಮೀನಾ? ನಾನೇನ್ ಜೈಲಿಂದ ಬಂದಿದೀನಾ?"

ಕಲ್ಲೇಶಣ್ಣ ಕಾಫಿಯನ್ನೂ ಕುಡಿಯದೆ ಹೊರಟುಹೋದ. "ನೋಡಿದ್ರಾ?" ಎಂದೆ ಯಜಮಾನರಿಗೆ. "ಪ್ರಾಮಾಣಿಕನಾಗಿದ್ರೆ ಸಹಿಗೆ ಯಾಕೆ ಹೆದರ್ತಿದ್ದ? ನಮ್ಮ ಜರಡಿ ಕೆಲಸ ಮಾಡ್ತಿದೆ!"

ಆಮೇಲೆ ಬಂದ ಜಾವಗಲ್ಲಿನವನು, ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದು ಹೋದವನು ಇನ್ನೂ ಕೇಳುತ್ತಲೇ ಇದ್ದಾನೆ. ಜರಡಿ ಬಹಳ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು.

ಕೊನೆಗೆ ಜರಡಿಯಲ್ಲಿ ಉಳಿದವನು ಯೋಗೀಶ.

ಹಳೇಬೀಡಿನ ಕಡೆಯವನು. ಇಸ್ತ್ರಿ ಮಾಡಿದ ಅಂಗಿ, ಹಣೆಯ ಮೇಲೆ ವಿಭೂತಿ. ನಿಯಮಾವಳಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ! ಸೋಫಾದ ಅಂಚಿನಲ್ಲಿ ಕೂತು ಒಂದೊಂದು ಸಾಲನ್ನೂ ಬೆರಳಿಟ್ಟು ಓದಿದ. ನನ್ನ ವಿದ್ಯಾರ್ಥಿಗಳು ಪ್ರಶ್ನೆಪತ್ರಿಕೆಯನ್ನೂ ಅಷ್ಟು ಶ್ರದ್ಧೆಯಿಂದ ಓದಿದ್ದನ್ನು ನಾನು ಕಂಡಿಲ್ಲ.

"ಮೇಡಂ, ಇಂಥ ರೂಲ್ಸು ಎಲ್ಲಾ ಊರಿಗೂ ಬರ್ಬೇಕು. ನಮ್ಮ ಲೈನಲ್ಲಿ ಕಳ್ಳರು ಜಾಸ್ತಿ ಆಗೋಗವ್ರೆ. ಅವರಿಂದ ನಮ್ಮಂತೋರಿಗೂ ಕೆಟ್ಟ ಹೆಸರು."

ಅವನಿಗೆ ನಾನೇ ಹೋಗಿ ಕಾಫಿ ತಂದುಕೊಟ್ಟೆ.

"ದಂಡದ ರೂಲು ಇಲ್ವಲ್ಲ ಮೇಡಂ? ಲೇಟಾದ್ರೆ ದಂಡ ಅಂತ ಒಂದು ಸೇರ್ಸಿ. ಇಲ್ದಿದ್ರೆ ಜನಕ್ಕೆ ಭಯ ಇರಲ್ಲ."

ತನ್ನ ಕುತ್ತಿಗೆಗೆ ತಾನೇ ಹಗ್ಗ ಕೇಳುತ್ತಿರುವ ಗುತ್ತಿಗೆದಾರ! ಕೂಡಲೇ ಸೇರಿಸಿದೆ. ಮರುದಿನ ಇಬ್ಬರು ಜಾಮೀನುದಾರರನ್ನೂ ಕರೆತಂದ. ಇಬ್ಬರೂ ಬಿಳಿ ಅಂಗಿ, ಬಿಳಿ ಪಂಚೆ. ಮಾತು ಕಡಿಮೆ, ಸಹಿ ದೊಡ್ಡದು. ಎಲ್ಲ ಮುಗಿದ ಮೇಲೆ ಯೋಗೀಶ ವಿನಯದಿಂದ ಕೇಳಿದ, "ಮೇಡಂ, ನಿಮ್ದೂ ಒಂದು ಸಹಿ, ಸಂಘದ ಸೀಲು ಹಾಕಿ ನಂಗೊಂದು ಕಾಪಿ ಕೊಡಿ. ಮನೇಲಿ ದೇವರ ಮುಂದೆ ಇಟ್ಕತೀನಿ."

ಕೊಟ್ಟೆ. ಎರಡು ಸಲ ಸೀಲು ಒತ್ತಿ ಕೊಟ್ಟೆ.

ಅವನು ಹೋದ ಮೇಲೆ ಯಜಮಾನರು ಬಾಗಿಲ ಕಡೆಗೇ ನೋಡುತ್ತಾ ನಿಂತಿದ್ದರು.

"ನಂಗ್ಯಾಕೋ ಸರಿ ಕಾಣ್ತಿಲ್ಲ ಕಣೇ. ಒಂದು ಮಾತೂ ಚೌಕಾಸಿ ಮಾಡ್ಲಿಲ್ಲ ಅವ್ನು."

"ನಿಮ್ಮ ಕೊಬ್ಬರಿ ವ್ಯಾಪಾರದ ಬುದ್ಧಿನ ಇಲ್ಲಿ ತರ್ಬೇಡಿ ರೀ. ಇದು ಕಾನೂನು!"

ಕಾಂಪೌಂಡಿನ ಆಚೆಯಿಂದ ಗಿರಿಜಕ್ಕ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಸಂಜೆ ಬಂದು, ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ ಕೇಳಿದರು, "ಮೇಡಂ, ನಂಗೆ ಓದಿ ಗೊತ್ತಿಲ್ಲ. ಈ ಕಾಯಿದೆ ನಮ್ಮನೆಗೂ ಆಯ್ತದಾ? ಚೀಟಿ ದುಡ್ಡು ಬಂದೈತೆ. ಮಳೆ ಬರೋದ್ರೊಳಗೆ ಆಗೋದ್ರೆ ಸಾಕು."

"ಆಗುತ್ತೆ ಗಿರಿಜಕ್ಕ. ಧೈರ್ಯವಾಗಿ ಕೊಡಿ. ನಾನಿದ್ದೀನಲ್ಲ!" ಎಂದೆ.

ಆ ಕೊನೆಯ ಮಾತನ್ನು ವಾಪಸು ತೆಗೆದುಕೊಳ್ಳುವ ಅವಕಾಶವನ್ನು ಯಾವ ನಿಯಮಾವಳಿಯೂ ಕೊಡುವುದಿಲ್ಲ.

ಯೋಗೀಶ ಹೇಳಿದ ದಿನವೇ, ಹೇಳಿದ ಹೊತ್ತಿಗೇ ಬಂದ. ಟ್ರ್ಯಾಕ್ಟರ್ ತಂದ, ಆಳುಗಳನ್ನು ತಂದ. ಮಧ್ಯಾಹ್ನದ ಹೊತ್ತಿಗೆ ಎರಡೂ ಮನೆಯ ಹಂಚು ಕೆಳಗೆ. ಸಂಜೆಗೆ ತೊಲೆ, ಜಂತಿ, ರೀಪು ಎಲ್ಲ ಕೆಳಗೆ. ನಮ್ಮ ಮಾವನವರು ಬೇಲೂರಿನ ಕಡೆಯಿಂದ ತರಿಸಿದ್ದ ತೇಗದ ತೊಲೆಗಳವು. ಗಿರಿಜಕ್ಕನ ಮನೆಯವೂ ಒಳ್ಳೆಯ ಮರಗಳೇ. ಕತ್ತಲಾಗುವ ಮೊದಲು ಎಲ್ಲವನ್ನೂ ಟ್ರ್ಯಾಕ್ಟರಿಗೆ ಏರಿಸಿದರು.

"ತೊಲೆ ಎಲ್ಲಿಗಯ್ಯಾ?" ಎಂದು ಯಜಮಾನರು ಕೇಳಿದರು.

"ಸಮಸ್ತ ಅವಶೇಷ ಅದೇ ದಿನ ಸಾಗಿಸ್ತಕ್ಕದ್ದು ಅಂತ ಐತಲ್ಲ ಸಾರ್," ಎಂದ ಯೋಗೀಶ. "ರೂಲು ಅಂದ್ರೆ ರೂಲು."

ನಾನು ಹೆಮ್ಮೆಯಿಂದ ಯಜಮಾನರ ಕಡೆ ನೋಡಿದೆ. ಸೂರು ಇಳಿಸಿ ಆಸಕ್ತಿಯನ್ನು ರುಜುವಾತುಪಡಿಸಿದ್ದರಿಂದ ಎರಡೂ ಮನೆಯ ಮುಂಗಡವನ್ನೂ ನಿಯಮದ ಪ್ರಕಾರ ನನ್ನ ಕೈಯಾರೆ ಕೊಟ್ಟೆ. ಟ್ರ್ಯಾಕ್ಟರ್ ಹೊರಟಿತು. ನಮ್ಮ ಅಡುಗೆಮನೆಯಲ್ಲಿ ನಿಂತು ತಲೆ ಎತ್ತಿದರೆ ಪೂರ್ತಿ ಆಕಾಶ! ಎಷ್ಟು ಬೆಳಕು ಎಂದು ಸಂತೋಷಪಟ್ಟೆ.

ಮರುದಿನ ಬೆಳಕು ಇನ್ನೂ ಹೆಚ್ಚಿತ್ತು. ಯೋಗೀಶ ಇರಲಿಲ್ಲ.

ಫೋನು ಮಾಡಿದರೆ ತಕ್ಷಣ ಎತ್ತುತ್ತಿದ್ದ, ಅದೇ ಆಶ್ಚರ್ಯ. ಹಿಂದಿನವನ ಹಾಗೆ ಸ್ವಿಚ್ ಆಫ್ ಮಾಡುವ ಅನಾಗರಿಕ ಇವನಲ್ಲ.

"ಹುಲಿಕೆರೆ ಹತ್ರ ಇದೀನಿ ಮೇಡಂ, ಶೀಟು ಲೋಡ್ ಆಯ್ತಾ ಐತೆ. ಬತ್ತೀನಿ."

ಮಾರನೆಯ ದಿನ: "ಬರೋದ್ರಲ್ಲಿದ್ದೆ ಮೇಡಂ, ಗಾಳಿ ಶುರುವಾಯ್ತು. ಗಾಳೀಲಿ ಕೆಲಸ ಮಾಡತಕ್ಕದ್ದಲ್ಲ ಅಂತ ನೀವೇ ಬರ್ದಿದೀರಿ."

ಅದರ ಮಾರನೆಯ ದಿನ: "ಮೋಡ ಐತೆ ಮೇಡಂ. ಸುರಕ್ಷತೆ."

ನಮ್ಮ ಅರಸೀಕೆರೆಯಲ್ಲಿ ಮೋಡ ಕಂಡರೆ ಜನ ಹೊರಗೆ ಬಂದು ನೋಡುತ್ತಾರೆ. ಅಷ್ಟು ಅಪರೂಪ. ನನ್ನ ಗ್ರಹಚಾರಕ್ಕೆ ಆ ಸಲ ಮೋಡಗಳು ಸಾಲುಗಟ್ಟಿ ಬಂದವು. ನನ್ನ ನಿಯಮಾವಳಿಯನ್ನು ಇಡೀ ಬೀದಿಯಲ್ಲಿ ಬಾಯಿಪಾಠ ಮಾಡಿದವನು ಅವನೊಬ್ಬನೇ ಎಂಬುದು ನನಗೆ ಆಗ ಹೊಳೆಯಿತು. ಉಳಿದವರು ಚಪ್ಪಾಳೆ ಮಾತ್ರ ತಟ್ಟಿದ್ದರು.

ಭಾನುವಾರ ಯಜಮಾನರ ಸ್ಕೂಟರಿನಲ್ಲಿ ಅವನ ಊರಿಗೆ ಹೊರಟೆವು. ಹಳೇಬೀಡು ದಾಟಿ ವಿಳಾಸ ಕೇಳಿದರೆ, ಕೇಳಿದವರೆಲ್ಲ ನಮ್ಮನ್ನು ಒಂದು ಥರ ಮರುಕದಿಂದ ನೋಡಿ ದಾರಿ ತೋರಿಸಿದರು. ಅವನ ಮನೆಯ ಜಗಲಿಯ ಮೇಲೆ ಆಗಲೇ ಕೆಲವರು ಕೂತಿದ್ದರು. ಅವನ ಹೆಂಡತಿ ಚೆಂಬಿನಲ್ಲಿ ನೀರು ತಂದಿಟ್ಟಳು.

"ನೀವೂ ಸೂರಿನೋರಾ? ಕುಂತ್ಕಳಿ. ಇವ್ರೂವೆ ಅದ್ಕೇ ಬಂದಿರೋದು. ಅವ್ನು ಸಿಕ್ಕುದ್ರೆ ನಮ್ಮನೇದೂ ಒಂದ್ಮಾತು ಹೇಳಿ. ಒಳಗೆ ಮಗ ಮಲಗೋ ಕಡೆನೇ ಸೋರ್ತೈತೆ."

ಒಳಗೆ ಇಣುಕಿದೆ. ನಿಜ. ನಡುಮನೆಯಲ್ಲಿ ಬಕೆಟ್ ಇಟ್ಟಿತ್ತು. ಆ ಹೆಂಗಸಿನ ಮೇಲೆ ಕೂಗಾಡಲು ದಾರಿಯುದ್ದಕ್ಕೂ ಸಿದ್ಧಪಡಿಸಿಕೊಂಡಿದ್ದ ಮಾತುಗಳನ್ನೆಲ್ಲ ಬಿಟ್ಟು ಚೆಂಬಿನ ನೀರು ಕುಡಿದೆ. ಜಗಲಿಯ ತುದಿಯಲ್ಲಿ ಬಿಳಿ ಅಂಗಿ, ಬಿಳಿ ಪಂಚೆಯ ಒಬ್ಬರು ಮುಖ ತಿರುಗಿಸಿಕೊಂಡು ಕೂತಿದ್ದರು. ನೋಡಿದರೆ ನಮ್ಮ ಜಾಮೀನುದಾರರಲ್ಲೊಬ್ಬರು!

"ಏನ್ರೀ, ನೀವು ಅವನಿಗೆ ಜಾಮೀನು ನಿಂತವರಲ್ವಾ?" ಎಂದೆ.

"ಹೂಂ ಕಣ್ರವ್ವ," ಎಂದರು ಅವರು ನೆಲ ನೋಡುತ್ತಾ. "ನಮ್ಮನೆ ಹಂಚು ಇಳ್ಸಿ ಹೋದೋನು ಬರ್ಲೇ ಇಲ್ಲ. ಕೇಳಿದ್ದಕ್ಕೆ, ಅರಸೀಕೆರೇಲಿ ಒಂದು ಸಹಿ ಹಾಕು, ಆ ಕೆಲಸ ಸಿಕ್ಕುದ್ರೆ ನಿಂದು ಮುಗುಸ್ತೀನಿ ಅಂದ. ಏನ್ ಮಾಡೋದು? ಸಹಿ ಹಾಕ್ದೆ."

"ಇನ್ನೊಬ್ಬರು?"

"ಅವ್ರುದೂ ಅದೇ ಕತೆ. ಇವತ್ತು ಅವ್ರ ಸರದಿ ಅಲ್ಲ. ನಾಳೆ ಬಂದು ಕುಂತ್ಕತಾರೆ."

ಯಜಮಾನರು ಜೋರಾಗಿ ನಕ್ಕುಬಿಟ್ಟರು. ಮದುವೆಯಾದ ಮೇಲೆ ಅವರು ಅಷ್ಟು ಜೋರಾಗಿ ನಕ್ಕಿದ್ದು ನಾನು ಕೇಳಿರಲಿಲ್ಲ. ನನಗೆ ಮಾತ್ರ ಅಳು ಬರುತ್ತಿತ್ತು.

ಆದರೂ ನಾನು ಸೋಲೊಪ್ಪಲಿಲ್ಲ. ನಿಯಮಾವಳಿ ಹಿಡಿದು ಒಂದು ಕಚೇರಿಗೆ ಹೋದೆ. ಯಾವ ಕಚೇರಿ ಎಂದು ಹೇಳುವುದಿಲ್ಲ; ಎಲ್ಲ ಕಚೇರಿಗಳಲ್ಲೂ ಅದೇ ಕುರ್ಚಿ, ಅದೇ ಫ್ಯಾನು. ಅಲ್ಲಿನ ಅಧಿಕಾರಿ ಸಮಾಧಾನದ ಮನುಷ್ಯ. ಪೂರ್ತಿ ಓದಿದರು.

"ಬಹಳ ಚೆನ್ನಾಗಿ ಬರೆದಿದ್ದೀರಿ ಮೇಡಂ. ಇದನ್ನ ಜಾರಿ ಮಾಡೋರು ಯಾರು?"

"ಸಂಘ."

"ಸಂಘ ಅಂದ್ರೆ?"

"ನಾನು."

ಅವರು ಪೆನ್ನಿನ ಕ್ಯಾಪ್ ಮುಚ್ಚಿದರು. "ನೀವು ಗ್ರಾಹಕರ ದೂರು ಹಾಕಬಹುದು. ನೋಟಿಸು ಹೋಗುತ್ತೆ, ವಾಯಿದೆ ಬೀಳುತ್ತೆ. ನ್ಯಾಯ ಸಿಗುತ್ತೆ, ಸಿಗಲ್ಲ ಅಂತ ನಾನು ಹೇಳಲ್ಲ. ಆದ್ರೆ ಅಷ್ಟರಲ್ಲಿ ಮಳೆ ಬರುತ್ತೆ."

"ಹಾಗಾದ್ರೆ ಸರ್ಕಾರವೇ ಇನ್ನೂ ಬಿಗಿಯಾದ ನಿಯಮ ತರಬೇಕು ಸಾರ್!"

"ಇರೋ ನಿಯಮಗಳೇ ಬೇಕಾದಷ್ಟಿವೆ ಮೇಡಂ. ಈಗ ನೋಡಿ," ಎಂದು ಅವರು ಮುಂದಕ್ಕೆ ಬಾಗಿದರು. "ಹಳೇ ಸೂರು ತೆಗೆದು ಹೊಸದು ಹಾಕೋಕೆ ನೀವು ಅನುಮತಿ ತಗೊಂಡಿದ್ರಾ?"

ನಾನು ಸೀಲು ಸಮೇತ ಹೊರಗೆ ಬಂದುಬಿಟ್ಟೆ.

ಗ್ರಾಹಕರ ದೂರನ್ನೂ ಹಾಕಿದೆ. ಅದು ಈಗಲೂ ನಡೆಯುತ್ತಿದೆ. ಆದರೆ ಆ ಅಧಿಕಾರಿ ಹೇಳಿದ್ದು ಸರಿಯಾಗಿತ್ತು. ಅಷ್ಟರಲ್ಲಿ ಮಳೆ ಬಂತು.

ಮಧ್ಯಾಹ್ನ ಮೂರನೆಯ ಪೀರಿಯಡ್ಡಿನಲ್ಲಿ ಕಿಟಕಿಯ ಹೊರಗೆ ಕಪ್ಪಾಯಿತು. ಪಾಠ ಅರ್ಧಕ್ಕೆ ಬಿಟ್ಟು ಆಟೋ ಹಿಡಿದು ಓಡಿದೆ. ಬೀದಿ ಸೇರುವಷ್ಟರಲ್ಲಿ ಆಲಿಕಲ್ಲು ಸಮೇತ ಸುರಿಯುತ್ತಿತ್ತು. ಯಜಮಾನರು ಕೊಬ್ಬರಿ ಮಂಡಿಯಿಂದ ನನಗಿಂತ ಮೊದಲೇ ಬಂದು, ಗಿರಿಜಕ್ಕನ ಮನೆಯಿಂದ ಹೊಲಿಗೆ ಮೆಷಿನ್ನನ್ನು ಎತ್ತಿಕೊಂಡು ಬರುತ್ತಿದ್ದರು. ಅವರ ಮನೆಗೆ ಹೊದಿಸಿದ್ದ ಪ್ಲಾಸ್ಟಿಕ್ ಹಾಳೆ ನಡುವೆ ಹೊಟ್ಟೆ ಬಿಟ್ಟುಕೊಂಡು ಜೋತಾಡುತ್ತಿತ್ತು. ನಾನು ಒಳಗೆ ಕಾಲಿಟ್ಟೆ, ಅದು ಹರಿಯಿತು. ಕೊಳದಷ್ಟು ನೀರು ಒಂದೇ ಸಲ ಮೇಜಿನ ಮೇಲೆ ಬಿತ್ತು. ಮೇಜಿನ ಮೇಲೆ ಯಾರದೋ ಮದುವೆಯ ರವಿಕೆಗಳಿದ್ದವು. ಒಂದರ ಕೆಂಪು ಬಣ್ಣ ಬಿಟ್ಟು ಇನ್ನೊಂದರ ಕೆನೆಬಣ್ಣಕ್ಕೆ ಇಳಿಯುತ್ತಿತ್ತು.

ಗಿರಿಜಕ್ಕ ಒಂದೊಂದೇ ರವಿಕೆಯನ್ನು ಹಿಂಡಿ ನನ್ನ ಕೈಗೆ ಕೊಟ್ಟರು. ನಾನು ತಾರಸಿಯ ಕೆಳಗಿನ ನಮ್ಮ ಮುಂದಿನ ಕೋಣೆಗೆ ಸಾಗಿಸಿದೆ. ಎಲ್ಲ ಮುಗಿದ ಮೇಲೆ ನಮ್ಮ ಸೋಫಾದಲ್ಲಿ ಇಬ್ಬರೂ ಒದ್ದೆಯಾಗಿ ಕೂತೆವು. ಯಜಮಾನರು ಅಡುಗೆಮನೆಯಲ್ಲಿ ಒಂದು ಕೈಯಲ್ಲಿ ಕೊಡೆ ಹಿಡಿದು, ಇನ್ನೊಂದು ಕೈಯಲ್ಲಿ ಕಾಫಿ ಸೋಸುತ್ತಿದ್ದರು.

"ಗಿರಿಜಕ್ಕ, ಕರಾರು ಇದೆ. ನಾವು ಬಿಡೋದು ಬೇಡ. ದಂಡದ ನಿಯಮ ಕೂಡ ಇದೆ..." ಎಂದು ತೊದಲಿದೆ.

ಅವರು ಮುಖ ಒರೆಸಿಕೊಂಡರು. "ಬಿಡಿ ಮೇಡಂ. ನಾನೇನು ಆ ಹಾಳೆ ನೋಡಿ ಕೊಟ್ಟಿದ್ದಾ? ನಂಗೆಲ್ಲಿ ಓದಕ್ ಬತ್ತದೆ? ನಿಮ್ಮ ಮುಖ ನೋಡಿ ಕೊಟ್ಟೆ."

 ಕಾಫಿ ಬಂತು. ಅದರಲ್ಲಿ ಮಳೆನೀರೂ ಇತ್ತು. ಯಾರೂ ದೂರಲಿಲ್ಲ.

ಮರುದಿನವೇ ಗಂಡಸಿಗೆ ಹೋಗಿ ಕಲ್ಲೇಶಣ್ಣನ ಬಾಗಿಲಲ್ಲಿ ನಿಂತೆ. ಆತ ನನ್ನ ಕೈಯನ್ನೇ ನೋಡಿದ.

"ಹಾಳೆ ತಂದಿಲ್ಲ," ಎಂದೆ.

"ಜಾಮೀನು?"

"ಬೇಡ. ಗಿರಿಜಕ್ಕನ ಮನೆ ಮೊದಲು ಮಾಡಿಕೊಡಿ. ಅವರಿಗೆ ಬೀಳೋ ಖರ್ಚನ್ನ ನಾನೇ ಕೊಡ್ತೀನಿ."

ಆತ ಬೀಡಿ ಆರಿಸಿದ. "ಸರಿ. ಆದ್ರೆ ನಂದೂ ಒಂದು ಕಂಡೀಷನ್ ಐತೆ. ಕೆಲಸ ಮುಗಿಯೋಗಂಟ ನೀವು ಆ ಕಡೆ ಬರ್ಬಾರ್ದು. ಏನಾದ್ರೂ ಇದ್ರೆ ನಿಮ್ಮ ಯಜಮಾನ್ರು ಮಾತಾಡ್ಲಿ."

ಬಾಯಿಮಾತಿನ ಆ ಒಂದೇ ಒಂದು ನಿಯಮವನ್ನು ನಾನು ಚಾಚೂ ತಪ್ಪದೆ ಪಾಲಿಸಿದೆ! ಗಿರಿಜಕ್ಕನ ಮನೆಯ ಮೇಲೆ ಸೂರು ಬಂತು. ಗಾಳಿಗೂ ನಿಂತಿತು. ನಮ್ಮ ಅಡುಗೆಮನೆಯ ಸರದಿ ಯಾವಾಗ ಎಂದು ಕೇಳಿದರೆ ಕಲ್ಲೇಶಣ್ಣ "ನೋಡನ" ಎನ್ನುತ್ತಾನೆ. ಸದ್ಯಕ್ಕೆ ನಾವು ನೀಲಿ ಟಾರ್ಪಾಲಿನ ಕೆಳಗೆ ಸಾರು ಕುದಿಸುತ್ತಿದ್ದೇವೆ.

ಮೊನ್ನೆ ಸಂಜೆ ಗಿರಿಜಕ್ಕನ ಮನೆಯಲ್ಲಿ ಕೂತಿದ್ದೆ. ಕೆಟ್ಟುಹೋದ ರವಿಕೆಗಳನ್ನೆಲ್ಲ ಅವರು ಹೊಸ ಬಟ್ಟೆಯಲ್ಲಿ ಮತ್ತೆ ಹೊಲಿದುಕೊಡುತ್ತಿದ್ದಾರೆ. ಕಾಲೇಜು ಮುಗಿದ ಮೇಲೆ ನಾನು ಅವಕ್ಕೆ ಹುಕ್ಕು ಹಾಕಿಕೊಡುತ್ತೇನೆ. ಅಷ್ಟರಲ್ಲಿ ಒಂದು ಫೋನು ಬಂತು. ಬೇಲೂರಿನ ಕಡೆಯ ಒಬ್ಬ ಹೆಂಗಸು.

"ಮೇಡಂ, ನಿಮ್ಮ ನಂಬರು ಈ ಹಾಳೇಲಿ ಸೀಲಿನ ಕೆಳಗೆ ಇತ್ತು. ಯೋಗೀಶ್ ಅಂತ ಸೂರಿನ ಕೆಲಸದವ್ರು ತೋರಿಸಿದ್ರು. ಜಿಲ್ಲೆಗೇ ಕಠಿಣವಾದ ರೂಲ್ಸಂತೆ, ಅದ್ರಲ್ಲಿ ಪಾಸಾಗಿರೋದು ಅವರೊಬ್ಬರೇ ಅಂತೆ. ಹೌದಾ?"

ಸೂಜಿ ನನ್ನ ಬೆರಳಿಗೆ ಚುಚ್ಚಿತು. "ಅಮ್ಮಾ, ಅವನನ್ನ ನಂಬಬೇಡಿ! ಏನೇ ಆದ್ರೂ ಹಂಚು ಮಾತ್ರ ಇಳಿಸೋಕೆ ಬಿಡಬೇಡಿ!"



"ಬೆಳಗ್ಗೇನೇ ಇಳಿಸ್ಕೊಂಡ್ ಹೋದ್ರು ಮೇಡಂ."

ನಾನು ತಲೆ ಹಿಡಿದುಕೊಂಡೆ. ಗಿರಿಜಕ್ಕ ಮೆಷಿನ್ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಫೋನಿನಲ್ಲಿ ಆ ಹೆಂಗಸಿನ ದನಿ ಮತ್ತೆ ಬಂತು, ಈ ಸಲ ಗಟ್ಟಿಯಾಗಿ:

"ಮತ್ತೆ ನೀವ್ಯಾಕೆ ಸೀಲು ಹಾಕಿ ಕೊಟ್ರಿ? ಅಷ್ಟೂ ತಿಳಿಯಲ್ವಾ? ಏನ್ ಕೆಲಸ ಮಾಡ್ತೀರಿ ನೀವು?"

"ರವಿಕೆಗೆ ಹುಕ್ಕು ಹಾಕ್ತೀನಿ," ಎಂದೆ.